ಹಿಮದಡಿಯ ಗುಹೆಯಲ್ಲಿ ಉಸಿರು

ಪೂರಕ, ಕುಂಭಕ, ರೇಚಕ ಎಂದು ಉಸಿರಿಗೆ ಮೂರು ಹೆಸರಿಟ್ಟು ಎಣಿಸುವುದನ್ನು ನಾವು ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಕಲಿತೆವು. ಹೊರಗೆ ಬಿಟ್ಟ ಉಸಿರಿನ ಕೆಲಸ ಅಲ್ಲಿಗೆ ಮುಗಿಯಿತೆಂದೇ ಅಂದಿನ ನಮ್ಮ ತಿಳಿವಳಿಕೆ. ಹಾಗೆ ಬಿಟ್ಟ ಉಸಿರನ್ನೇ ಶುದ್ಧಿಗೊಳಿಸಿ ಮತ್ತೆ ಮತ್ತೆ ಸೇವಿಸುತ್ತ, ನೂರು ಮೀಟರಿಗೂ ಮಿಕ್ಕ ಆಳದ ನೀರಿನಲ್ಲಿ ಸಂಚರಿಸುವ ಜನರು ಲೋಕದಲ್ಲಿದ್ದಾರೆ. ಅವರ ಉಸಿರಿನ ಯಂತ್ರದ ವಿಚಾರವನ್ನೂ, ನಾರ್ವೆ ದೇಶದ ಗುಹೆಯೊಂದರಲ್ಲಿ ೨೦೧೪ರಲ್ಲಿ ನಡೆದ ಪ್ರಸಂಗವನ್ನೂ ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ನಾವು ಸೇವಿಸುವ ಗಾಳಿಯಲ್ಲಿ ನೂರಕ್ಕೆ ಸುಮಾರು ೨೧ ಭಾಗ ಆಮ್ಲಜನಕವಿದೆ; ಹೊರಬಿಡುವ ಉಸಿರಿನಲ್ಲಿಯೂ ೧೬-೧೭ ಭಾಗ ಉಳಿದೇ ಇರುತ್ತದೆ. ಬೆನ್ನಿಗೆ ಸಿಲಿಂಡರು ಕಟ್ಟಿಕೊಂಡ ಸಾಧಾರಣ ಮುಳುಗುಗಾರನು ಅದನ್ನೆಲ್ಲ ಗುಳ್ಳೆಯಾಗಿ ನೀರಿಗೆ ಬಿಟ್ಟುಬಿಡುತ್ತಾನೆ. ಹತ್ತು ಮೀಟರಿಗೆ ಒಂದು ವಾಯುಭಾರದಂತೆ ನೀರಿನ ಒತ್ತಡ ಏರುವುದರಿಂದ, ೧೧೦ ಮೀಟರು ಆಳದಲ್ಲಿ ಪ್ರತಿ ಉಸಿರಿಗೂ ಮೇಲಿನದಕ್ಕಿಂತ ಹನ್ನೆರಡು ಪಟ್ಟು ಗಾಳಿ ವೆಚ್ಚವಾಗುತ್ತದೆ. ರಿಬ್ರೀದರ್ ಎಂಬ ಯಂತ್ರವು ಈ ದುಂದನ್ನು ತಪ್ಪಿಸುತ್ತದೆ. ಬಿಟ್ಟ ಉಸಿರು ಕೊಳವೆಯ ಮೂಲಕ ಸಾಗಿ ಸೋಡಾ ಸುಣ್ಣ ತುಂಬಿದ ಡಬ್ಬಿಯನ್ನು ಹಾಯ್ದು ಬರುತ್ತದೆ. ಶಾಲೆಯಲ್ಲಿ ಮಕ್ಕಳು ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿ ಅದು ಹಾಲಿನಂತಾಗುವುದನ್ನು ನೋಡಿರುತ್ತಾರಲ್ಲವೆ? ಅದೇ ತತ್ತ್ವ. ಉಸಿರಿನೊಳಗಿನ ಇಂಗಾಲದ ಡೈಆಕ್ಸೈಡನ್ನು ಸುಣ್ಣ ಹೀರಿಕೊಳ್ಳುತ್ತದೆ; ದೇಹ ಬಳಸಿಕೊಂಡಷ್ಟೇ ಆಮ್ಲಜನಕವನ್ನು ಯಂತ್ರವು ಅಳೆದು ಸೇರಿಸುತ್ತದೆ. ತಾಂಬೂಲದ ಸುಣ್ಣದ ಹತ್ತಿರದ ಬಂಧುವೊಂದು ಪಾತಾಳದಲ್ಲಿ ಪ್ರಾಣ ಕಾಯುವುದು ನಮಗಂತೂ ಸೋಜಿಗವೆನಿಸಿತು. ಇದು ತೀರ ಇತ್ತೀಚಿನ ಶೋಧವೂ ಅಲ್ಲ. ಇಂಗ್ಲೆಂಡಿನ ಹೆನ್ರಿ ಫ್ಲೂಸ್ ಎಂಬವರು ೧೮೭೮ರಲ್ಲಿಯೇ ಇಂತಹ ಸಾಧನವನ್ನು ನಿರ್ಮಿಸಿದ್ದರು.

ಆದರೆ ಉಪಕಾರಿಯಾದ ಈ ಯಂತ್ರವೇ ಮೋಸವನ್ನೂ ಮಾಡಬಲ್ಲದು. ಆಮ್ಲಜನಕ ಕಡಿಮೆಯಾದರೆ ಯಾವ ಬಾಧೆಯೂ ತೋರದೆ ಎಚ್ಚರ ತಪ್ಪುತ್ತದೆ. ಹೆಚ್ಚಾದರೆ ಸೆಳವು ಬರುತ್ತದೆ. ಎಲ್ಲಕ್ಕಿಂತ ಕ್ರೂರವಾದುದು ಇಂಗಾಲದ ಡೈಆಕ್ಸೈಡು. ಆಳದಲ್ಲಿ ಗಾಳಿ ದಟ್ಟವಾಗಿ, ಉಸಿರಾಡುವುದೇ ಒಂದು ದುಡಿಮೆಯಾಗುತ್ತದೆ. ಹೀಲಿಯಂ ಬೆರೆಸಿದರೂ ಆ ಭಾರ ಪೂರ್ತಿ ಇಳಿಯದು. ನೀರು ತಣ್ಣಗಾದಷ್ಟೂ ಸುಣ್ಣದ ಶಕ್ತಿ ಕುಗ್ಗುತ್ತದೆ. ಅಂತಹ ಸ್ಥಳದಲ್ಲಿ ಗಾಬರಿಯಿಂದ ಏದುಸಿರು ಬಿಟ್ಟರೆ ಆ ಅನಿಲವು ರಕ್ತದಲ್ಲಿ ಸೇರುತ್ತ ಹೋಗುತ್ತದೆ. ಅದು ಸೇರಿದಷ್ಟೂ ಗಾಬರಿ ಹೆಚ್ಚುತ್ತದೆ, ಗಾಬರಿ ಹೆಚ್ಚಿದಷ್ಟೂ ಏದುಸಿರು. ಒಮ್ಮೆ ಈ ಸುಳಿಗೆ ಸಿಕ್ಕವನು, ಬೇರೆ ಸಿಲಿಂಡರಿನ ಗಾಳಿಗೆ ಬದಲಾಯಿಸಿಕೊಳ್ಳಲು ಬಾಯಿಯ ಕೊಳವೆಯನ್ನು ಕ್ಷಣಮಾತ್ರ ತೆಗೆಯುವುದಕ್ಕೂ ಅಸಮರ್ಥನಾಗುತ್ತಾನೆ.

ನಾರ್ವೆಯ ಉತ್ತರ ಭಾಗದಲ್ಲಿ, ರಾನಾ ಎಂಬ ಸೀಮೆಯಲ್ಲಿ, ಪ್ಲೂರಾ ಎಂಬ ಜಲಗುಹೆಯಿದೆ. ೨೦೧೪ರ ಫೆಬ್ರವರಿ ೬ರಂದು ಫಿನ್ಲೆಂಡಿನ ಐವರು ಗೆಳೆಯರು ಹೆಪ್ಪುಗಟ್ಟಿದ ನೀರಿನ ಮೇಲಿನ ಮಂಜನ್ನು ಕತ್ತರಿಸಿ ಅದರೊಳಗೆ ಇಳಿದರು. ಒಂದು ಬಾಯಿಯಿಂದ ಹೊಕ್ಕು, ಬೆಟ್ಟದಡಿಯಲ್ಲಿ ಸಾಗಿ, ಮತ್ತೊಂದು ಬಾಯಿಯಿಂದ ಹೊರಬರುವುದು ಅವರ ಉದ್ದೇಶ. ಮೊದಲು ಇಬ್ಬರು ಹೊರಟರು. ಸುಮಾರು ಎರಡು ಗಂಟೆಯ ತರುವಾಯ ಉಳಿದ ಮೂವರು. ಸುಮಾರು ೧೧೦ ಮೀಟರು ಆಳದ ಇಕ್ಕಟ್ಟಿನಲ್ಲಿ ಮುಂದಿನ ಇಬ್ಬರಲ್ಲಿ ಒಬ್ಬರು ಸಿಲುಕಿಕೊಂಡರು. ಗಾಬರಿಗೊಂಡರು. ಜೊತೆಗಾರನು ನೆರವಿಗೆ ಬಂದರೂ ಪ್ರಾಣ ಉಳಿಯಲಿಲ್ಲ.

ಆ ಜೊತೆಗಾರನ ಸ್ಥಿತಿಯನ್ನು ಓದುಗರು ಭಾವಿಸಿ ನೋಡಬೇಕು. ಗೆಳೆಯನ ಶವ ಎದುರಿಗಿದೆ. ಅಳುವಂತಿಲ್ಲ, ಬಿಕ್ಕುವಂತಿಲ್ಲ, ಉಸಿರು ವೇಗವಾದರೆ ತಾನೂ ಅಲ್ಲಿಯೇ. ದುಃಖವನ್ನು ಬದಿಗಿಟ್ಟು ಮೆಲ್ಲನೆ ಉಸಿರಾಡಿ ಆತ ಮುಂದೆ ಸಾಗಬೇಕಾಯಿತು. ಮೇಲಕ್ಕೆ ಧಾವಿಸುವಂತೆಯೂ ಇರಲಿಲ್ಲ: ಒತ್ತಡದಲ್ಲಿ ರಕ್ತಕ್ಕೆ ಕರಗಿದ ಅನಿಲವು ಗುಳ್ಳೆಯಾಗದಿರಲು, ಆ ಚಳಿನೀರಿನಲ್ಲಿ ಗಂಟೆಗಟ್ಟಲೆ ತಡೆದು ತಡೆದು ಏರಬೇಕು. ಹಿಂದಿನಿಂದ ಬಂದ ಮೂವರಿಗೆ ದಾರಿಯಲ್ಲಿ ಆ ಶವವೇ ಎದುರಾಯಿತು. ಅವರಲ್ಲಿ ಮತ್ತೊಬ್ಬರು ತೀರಿಕೊಂಡರು. ಮೂವರು ಮಾತ್ರ ಜೀವಸಹಿತ ಮೇಲೆ ಬಂದರು.

ಶವಗಳನ್ನು ತರಲು ಇಂಗ್ಲೆಂಡಿನಿಂದ ನುರಿತ ಗುಹಾಮುಳುಗುಗಾರರನ್ನು ಕರೆಸಲಾಯಿತು. ೨೦೧೮ರಲ್ಲಿ ಥಾಯ್ಲೆಂಡಿನ ಗುಹೆಯಿಂದ ಬಾಲಕರನ್ನು ಪಾರುಮಾಡಿದವರಲ್ಲಿ ಪ್ರಸಿದ್ಧರಾದ ರಿಕ್ ಸ್ಟಾಂಟನ್ ಮತ್ತು ಜಾನ್ ವೊಲಾಂಥೆನ್ ಅವರೂ ಅದರಲ್ಲಿದ್ದರು. ಇದು ಅತ್ಯಂತ ಅಪಾಯಕರವೆಂದು ಅವರು ಹಿಂದೆ ಸರಿದರು. ಗುಹೆಗೆ ಇಳಿಯುವುದನ್ನು ಪೊಲೀಸರು ನಿಷೇಧಿಸಿದರು.

ಈ ನಿಷೇಧವನ್ನು ತಪ್ಪೆನ್ನಲು ನಮಗೆ ಬಾಯಿ ಬಾರದು. ಸತ್ತವರಿಗಾಗಿ ಬದುಕಿದವರನ್ನು ಕಳೆದುಕೊಳ್ಳಬಾರದೆಂಬುದು ಧರ್ಮದ ಮಾತೇ. ಶರೀರದ ಮೇಲೆ ವ್ಯಾಮೋಹ ಸಲ್ಲದೆಂದು ನಾವೂ ಹೇಳುತ್ತ ಬಂದವರು. ಆದರೂ ನಮ್ಮ ಮನೆಗಳಲ್ಲಿ ಲಿಂಗೈಕ್ಯರಾದವರಿಗೆ ವಿಭೂತಿ ಧರಿಸಿ, ಕರಸ್ಥಲದಲ್ಲಿ ಇಷ್ಟಲಿಂಗವನ್ನಿರಿಸಿ, ಕುಳ್ಳಿರಿಸಿ ಸಮಾಧಿ ಮಾಡುವವರು ನಾವು. ದೇಹ ದೊರೆಯದ ಮನೆಯ ತಾಯಿಯನ್ನು ಸಮಾಧಾನಪಡಿಸಲು ಹೋಗಿ ಮಾತು ಸೋತು ಮರಳಿದ್ದೂ ಉಂಟು. ಹೀಗಿರುವಾಗ ಮುಂದೆ ನಡೆದುದನ್ನು ಓದಿದ ನಮಗೆ ಅವರ ಮೇಲೆ ಕೋಪ ಬರಲಿಲ್ಲ.

ಬದುಕುಳಿದವರು ನಿಷೇಧವನ್ನು ಮೀರಿ, ಗೆಳೆಯರನ್ನು ಕೂಡಿಕೊಂಡು, ಸದ್ದಿಲ್ಲದೆ ಮತ್ತೆ ಅದೇ ಗುಹೆಗೆ ಬಂದರು. ನೀರಿಗಿಳಿದವರೂ ಮೇಲೆ ನಿಂತು ಸಹಾಯ ಮಾಡಿದವರೂ ಸೇರಿ ೨೭ ಜನ. ೨೦೧೪ರ ಮಾರ್ಚಿ ೨೨ರಂದು ಎರಡೂ ದೇಹಗಳು ಮೇಲೆ ಬಂದವು. ತರುವಾಯ ತಾವೇ ಪೊಲೀಸರಿಗೆ ತಿಳಿಸಿದರು. ವಿಚಾರಣೆಯೇನೋ ನಡೆಯಿತು, ಯಾರಿಗೂ ಶಿಕ್ಷೆಯಾಗಲಿಲ್ಲ. ಈ ಪಯಣವನ್ನು ಕುರಿತ ಸಾಕ್ಷ್ಯಚಿತ್ರವೊಂದು ೨೦೧೬ರಲ್ಲಿ ತೆರೆಕಂಡಿದೆ.