ಇದ್ದಿಲಿನ ಆಯುಷ್ಯ

ಐರ್ಲೆಂಡಿನ ಡನ್‌ಡಾಕ್‌ನಿಂದ ಕಾರಿನಲ್ಲಿ ದಕ್ಷಿಣಕ್ಕೆ ಹೊರಟರೆ ಗಂಟೆಯೊಳಗೆ ನ್ಯೂಗ್ರೇಂಜ್ ಸಿಗುತ್ತದೆ. ಕ್ರಿ.ಪೂ. 3200ರ ಸುಮಾರಿನ ಕಲ್ಲುಗೋರಿ ಅದು. ಮಳೆನೀರು ಒಳಗಿಳಿಯದಿರಲೆಂದು ಚಾವಣಿಯ ಚಪ್ಪಡಿಗಳ ಸಂದಿಗೆ ಅಂದಿನವರು ಸುಟ್ಟ ಮಣ್ಣು, ಕಡಲ ಮರಳು ಮೆತ್ತಿದ್ದರು. ಗೋರಿಯ ವಯಸ್ಸು ತಿಳಿದದ್ದು ಆ ಮಣ್ಣಿನಲ್ಲಿದ್ದ ಇದ್ದಿಲಿನ ಚೂರುಗಳಿಂದ. ಐದು ಸಾವಿರ ವರ್ಷ ಕಳೆದರೂ ಅವುಗಳ ಇಂಗಾಲ ಗಾಳಿಗೆ ಮರಳಿರಲಿಲ್ಲ.

ಮಣ್ಣಿಗೆ ಬೆರೆಸಲೆಂದೇ ಮಾಡುವ ಇದ್ದಿಲು, ಅಂದರೆ ಬಯೋಚಾರ್ ಮೇಲಿನ ಭರವಸೆಗೆ ಈ ಗುಣವೇ ಆಧಾರ. ಹೊಲದಲ್ಲಿ ಬಿಟ್ಟ ಹುಲ್ಲು ಕೊಳೆತು, ಅದರ ಬಹುಪಾಲು ಇಂಗಾಲ ಕೆಲವೇ ವರ್ಷಗಳಲ್ಲಿ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಗಾಳಿಯಾಡುವಂತೆ ಸುಟ್ಟರೆ ಉಳಿಯುವುದು ಬೂದಿ. ಬಳ್ಳಾರಿ ಬಳಿಯ ಕುಡತಿನಿಯಲ್ಲಿ ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟು ಬಿಟ್ಟುಹೋದ ಬೂದಿಗುಡ್ಡ ನೋಡಿದವರಿಗೆ ಇದು ಗೊತ್ತು: ಗುಡ್ಡ ಉಳಿದಿದೆ, ಇಂಗಾಲದ ಹೆಚ್ಚಿನ ಪಾಲು ಅಂದೇ ಹೋಗಿದೆ. ಗಾಳಿ ಕಟ್ಟಿ ಕಾಯಿಸಿದಾಗ ಮಾತ್ರ ಹೈಡ್ರೋಜನ್, ಆಮ್ಲಜನಕ ಹೊರಬಿದ್ದು, ಇಂಗಾಲದ ಪರಮಾಣುಗಳು ಆರಾರು ಸೇರಿ ಉಂಗುರಗಳಾಗಿ, ಜೇನುಗೂಡಿನಂತೆ ಹೆಣೆದುಕೊಳ್ಳುತ್ತವೆ. ಈ ಹೆಣಿಗೆಯನ್ನು ಬಿಡಿಸುವುದು ಮಣ್ಣಿನ ಸೂಕ್ಷ್ಮಜೀವಿಗಳಿಗೆ ಬಲು ಕಷ್ಟ.

ಆದರೆ ನ್ಯೂಗ್ರೇಂಜ್‌ನ ಚೂರುಗಳನ್ನು ಸಾಕ್ಷಿಗೆ ಕರೆಯುವಾಗ ಎಚ್ಚರ ಬೇಕು. ಅವು ಕಲ್ಲಿನ ಸಂದಿಯಲ್ಲಿ ಅಡಗಿದ್ದವು. ಉಳುಮೆ, ಬೇರು, ಎರೆಹುಳು ಯಾವುದೂ ಅವನ್ನು ಮುಟ್ಟಿಲ್ಲ. ಅಲ್ಲದೆ ನಮಗೆ ಕಾಣುವುದು ಉಳಿದದ್ದು ಮಾತ್ರ. ಅಳಿದುಹೋದದ್ದು ಎಷ್ಟೆಂದು ಉಳಿದ ಚೂರು ಹೇಳಲಾರದು. ಇದ್ದಿಲು ಬಹುಕಾಲ ಬಾಳಬಲ್ಲದು ಎಂಬುದಕ್ಕೆ ಅದು ಸಾಕ್ಷಿ, ಎಲ್ಲ ಇದ್ದಿಲೂ ಬಾಳುತ್ತದೆ ಎಂಬುದಕ್ಕಲ್ಲ.

ಆದ್ದರಿಂದಲೇ ಬಯೋಚಾರನ್ನು ಮಣ್ಣಿಗೆ ಬೆರೆಸಿ, ಹೊರಬರುವ ಅನಿಲವನ್ನು ಅಳೆಯುತ್ತಾರೆ. ಇಂಥ ಹಲವು ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2016ರ ವಿಶ್ಲೇಷಣೆಯೊಂದರ ಪ್ರಕಾರ, ಇಂಗಾಲದ ಶೇ. 3ರಷ್ಟು ಪಾಲು ಸರಾಸರಿ 108 ದಿನ ನಿಲ್ಲುತ್ತದೆ, ಉಳಿದ ಶೇ. 97ರಷ್ಟು 556 ವರ್ಷ. ಕೆಲವೇ ವರ್ಷ ನಡೆದ ಪ್ರಯೋಗಗಳ ಗೆರೆಯನ್ನು ಮುಂದಕ್ಕೆಳೆದು ಪಡೆದ ಸಂಖ್ಯೆ ಇದು, ಕಣ್ಣಾರೆ ಕಂಡದ್ದಲ್ಲ. ನಾನು ಹೆಚ್ಚು ನೆಚ್ಚುವುದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2019ರಲ್ಲಿ ಕೊಟ್ಟ, ಬರೀ 100 ವರ್ಷದ ಲೆಕ್ಕವನ್ನು. 350ರಿಂದ 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಾಡಿದ್ದಾದರೆ ಉಳಿಯುವುದು ಸುಮಾರು ಶೇ. 65, 600 ದಾಟಿದರೆ ಶೇ. 89. ಬಿಸಿ ಏರಿದಷ್ಟೂ ಹೆಣಿಗೆ ಬಿಗಿ.

ಕಾಸರಗೋಡು, ದಕ್ಷಿಣ ಕನ್ನಡದ ತೋಟಗಳಲ್ಲಿ ತರಗೆಲೆ, ಮಣ್ಣು ರಾಶಿ ಹಾಕಿ, ನಿಧಾನ ಉರಿಯಲ್ಲಿ ಸುಡುಮಣ್ಣು ಮಾಡುತ್ತಾರೆ. ತರಕಾರಿಯ ಬುಡಕ್ಕೆ ಒಳ್ಳೆಯ ಗೊಬ್ಬರ. ಆದರೆ ಬಿಸಿ, ಗಾಳಿ ಎಲ್ಲೆಡೆ ಒಂದೇ ಸಮವಿಲ್ಲದ್ದರಿಂದ ಒಂದೇ ರಾಶಿಯಲ್ಲಿ ಒಂದೆಡೆ ಬೂದಿ, ಒಂದೆಡೆ ಇದ್ದಿಲು, ಇನ್ನೊಂದೆಡೆ ಅರೆಬೆಂದ ಎಲೆ. ಆದ್ದರಿಂದ ಬಯೋಚಾರನ್ನು ಇಂಗಾಲದ ಠೇವಣಿಯೆಂದು ತೋರಿಸಿ ಹಣ ಕೇಳುವವರು ಮೂಟೆಯ ತೂಕದ ಜೊತೆಗೆ ಗೂಡಿನ ಬಿಸಿ ಎಷ್ಟಿತ್ತೆಂದೂ ಹೇಳಬೇಕು.