ಮೊದಲ ಮಳೆಗೆ ಕಾರು ಜಾರಿದರೆ...

ಉಪ್ಪಾರಹಳ್ಳಿ: ಬೇಸಿಗೆಯೆಲ್ಲಾ ರಸ್ತೆಗೆ ಸೋರಿದ ಆಯಿಲು, ಧೂಳು, ಮೊದಲ ಮಳೆಗೆ ಕಲೆತು ಲೋಳೆಯಾಗುತ್ತದೆ. ಜೋರು ಮಳೆ ಅದನ್ನು ತೊಳೆದೀತು, ಮೋಸದ್ದು ತುಂತುರೇ.

ತುಮಕೂರಿನ ಈ ಮೇಲ್ಸೇತುವೆ ಇಳಿಯುವಾಗ ಕಾರಿನ ಹಿಂಭಾಗ ಎಡಕ್ಕೆ ಜಾರಿತು ಅನ್ನಿ. ಗಾಬರಿಬಿದ್ದು ಬ್ರೇಕ್ ತುಳಿದಿರೋ, ಗಾಡಿ ಗಿರಕಿ ಹೊಡೆದೀತು. ಎದುರಿಗೆ ಬರುವ ಸ್ಕೂಟರಿನವನ ಗತಿ? ಆಕ್ಸಿಲರೇಟರ್‌ನಿಂದ ಕಾಲು ತೆಗೀರಿ. ಸ್ಟೇರಿಂಗನ್ನೂ ಮೆಲ್ಲಗೆ ಎಡಕ್ಕೇ ತಿರುಗಿಸಿ. ವಿಚಿತ್ರ ಅನ್ನಿಸಿದರೂ ಸರಿ, ಮೂತಿ ದಾರಿಗೆ ಬರುವುದು ಹಾಗೇ. ಬಂದೊಡನೆ ನೆಟ್ಟಗೆ ಮಾಡಿ. ತಡವಾದರೆ ಬಲಕ್ಕೆ ಜಾರುತ್ತದೆ.

2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎ.ಬಿ.ಎಸ್. ಕಡ್ಡಾಯ. ನಿಲ್ಲಿಸಲೇಬೇಕಾದಾಗ ಅದು ಚಕ್ರ ಕಚ್ಚಿಕೊಳ್ಳಲು ಬಿಡುವುದಿಲ್ಲ. ಪೆಡಲ್ ಅದುರಿತೆಂದು ಕಾಲು ಎತ್ತಬೇಡಿ. ಆದರೆ ಟೈರೇ ಬೋಳಾಗಿದ್ದರೆ ಅದೇನು ಮಾಡೀತು? ಗೆರೆಯ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಕಾನೂನೂ ಒಪ್ಪದು.