ಸ್ಕೈಡೈವಿಂಗ್: ಪ್ಯಾರಾಚೂಟ್ ಸುರಕ್ಷತೆ ಕುರಿತು ಹೊಸ ಶಿಕ್ಷಾರ್ಥಿಗಳಿಗೆ ಮಾಹಿತಿ

ಮೈಸೂರಿನಲ್ಲಿ ಹಿಂದಿನ ವರ್ಷಗಳಲ್ಲಿ ಸ್ಕೈಡೈವಿಂಗ್ ಶಿಬಿರಗಳು ನಡೆದಿರುತ್ತವೆ. ತಿಲಕ್ ನಗರ, ಜಯನಗರ ಮುಂತಾದ ಬಡಾವಣೆಗಳಿಂದ ಇಂತಹ ಶಿಬಿರಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರು ಶುಲ್ಕ ಪಾವತಿಸುವ ಮುನ್ನ ಈ ಅಂಶಗಳನ್ನು ಗಮನಿಸತಕ್ಕದ್ದು.

ಬೆನ್ನಿಗೆ ಕಟ್ಟುವ ಚೀಲದಲ್ಲಿ ಮುಖ್ಯ ಮತ್ತು ಮೀಸಲು ಎಂಬ ಎರಡು ಪ್ಯಾರಾಚೂಟ್‌ಗಳಿರುತ್ತವೆ. ಮುಖ್ಯ ಪ್ಯಾರಾಚೂಟನ್ನು ಪ್ರತಿ ಜಿಗಿತದ ನಂತರ ಮಡಚಲಾಗುತ್ತದೆ. ಮೀಸಲು ಪ್ಯಾರಾಚೂಟನ್ನು ಅರ್ಹತೆ ಪಡೆದ ತಜ್ಞರೇ ಪರಿಶೀಲಿಸಿ, ಮಡಚಿ, ಮೊಹರು ಹಾಕಿ, ದಿನಾಂಕವನ್ನು ಚೀಟಿಯಲ್ಲಿ ನಮೂದಿಸಬೇಕು. ಅಮೆರಿಕದ ನಿಯಮದಂತೆ ಹೀಗೆ ಮಡಚಿ 180 ದಿನ ಮೀರಿದ ನೈಲಾನ್ ಪ್ಯಾರಾಚೂಟನ್ನು ಬಳಸುವಂತಿಲ್ಲ. ಸದರಿ ಚೀಟಿಯನ್ನು ಕೇಳಿ ನೋಡಲು ಸಂಕೋಚಪಡಬೇಕಾಗಿಲ್ಲ. ತೋರಿಸಲು ಹಿಂಜರಿಯುವ ಕಡೆ ಜಿಗಿಯದಿರುವುದೇ ಲೇಸು.

ನೈಲಾನ್ ಬಟ್ಟೆಯು ಬಿಸಿಲಿಗೆ ಕಣ್ಣಿಗೆ ಕಾಣದಂತೆ ಶಿಥಿಲಗೊಳ್ಳುತ್ತದೆ. ಆದುದರಿಂದ ಇಳಿದ ಕೂಡಲೇ ಪ್ಯಾರಾಚೂಟನ್ನು ನೆರಳಿಗೆ ಒಯ್ಯತಕ್ಕದ್ದು. ಒದ್ದೆಯಾಗಿದ್ದಲ್ಲಿ ನೆರಳಿನಲ್ಲಿಯೇ ಒಣಗಿಸಬೇಕು. ವಾಹನದಲ್ಲಿ ಬ್ಯಾಟರಿಯ ಬಳಿ ಇಡಬಾರದು. ಆಮ್ಲ ತಗುಲಿದ ಬಟ್ಟೆ ನಂಬಿಕೆಗೆ ಅರ್ಹವಲ್ಲ.

ವಿಮಾನವನ್ನು ಏರುವ ಮುನ್ನ ಎದೆ ಹಾಗೂ ತೊಡೆಯ ಪಟ್ಟಿಗಳನ್ನು, ಹಿಡಿಕೆಗಳ ಸ್ಥಾನವನ್ನು ಬೋಧಕರೊಡನೆ ಪರೀಕ್ಷಿಸತಕ್ಕದ್ದು. ನಿಗದಿತ ಎತ್ತರಕ್ಕೆ ಬಂದರೂ ವೇಗ ತಗ್ಗದಿದ್ದಲ್ಲಿ ಮೀಸಲು ಪ್ಯಾರಾಚೂಟನ್ನು ಬಿಡಿಸುವ ಸ್ವಯಂಚಾಲಿತ ಸಾಧನವು ಚಾಲನೆಯಲ್ಲಿದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಆದರೆ ಇದನ್ನೇ ನೆಚ್ಚಿ ಕೂರುವಂತಿಲ್ಲ. ಮುಖ್ಯ ಪ್ಯಾರಾಚೂಟ್ ತೆರೆದುಕೊಂಡೂ ಸಿಕ್ಕು ಬಿದ್ದಲ್ಲಿ ಮೊದಲು ಅದನ್ನು ಕಳಚುವ ಹಿಡಿಕೆ, ಅನಂತರ ಮೀಸಲು ಹಿಡಿಕೆ. ಈ ಕ್ರಮವು ಕೈಗೆ ರೂಢಿಯಾಗುವವರೆಗೆ ನೆಲದ ಮೇಲೆಯೇ ಅಭ್ಯಾಸ ಮಾಡತಕ್ಕದ್ದು.